ಎಡಗಡೆಯ ಕಲ್ಲು

ನನಗೆ ಖಚಿತವಾಗಿ ನೆನಪಿರುವುದು ಅಣ್ಣನ ಮುಖದ ಒಂದು ಬದಿ. ಅದು ನನ್ನಿಂದ ನಾಲ್ಕು ಮೊಳ ದೂರದಲ್ಲಿ ಅಲುಗದೆ ನಿಂತಿತ್ತು. ಅದರ ಹಿಂದೆ ಕಲ್ಲಿನ ಖಣಿ, ಹಳಿ, ಬೇವಿನ ಮರ, ಮರದ ಕೆಳಗೆ ಕೂತಿದ್ದ ಮುದುಕ, ಮತ್ತೆ ಖಣಿ, ಮತ್ತೆ ಹಳಿ, ಹೀಗೆ ಎಲ್ಲವೂ ಒಂದರ ಹಿಂದೊಂದು ಸರಿದು ಹೋಗುತ್ತಿದ್ದವು. ನಾನು ತಿರುಗುವ ಕಬ್ಬಿಣದ ತಟ್ಟೆಯೊಂದರ ಮೇಲೆ ಕೂತಿದ್ದೆ. ಅಣ್ಣ ಅದರ ಅಂಚಿನ ಕೋಲಿಗೆ ಎದೆಕೊಟ್ಟು ತಳ್ಳುತ್ತ ಸುತ್ತಲೂ ನಡೆಯುತ್ತಿದ್ದ. ಇಬ್ಬರೂ ಒಟ್ಟಿಗೆ ತಿರುಗುತ್ತಿದ್ದುದರಿಂದ ನನ್ನ ಕಣ್ಣಿಗೆ ಅವನು ನಿಂತೇ ಇದ್ದ. ಅವನ ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ಒಂದು ಮಚ್ಚೆ ಇತ್ತು. ನನ್ನ ನೆನಪಿನಲ್ಲಿ ಆ ಮಚ್ಚೆಯೂ ಇದೆ.

ಆ ಗಳಿಗೆಯಲ್ಲಿ ನನ್ನ ಮುಂದಿದ್ದ ಕಾಲುವೆಯ ನೀರಿನಲ್ಲಿ ಏನಾಯಿತು ಎಂಬುದು ಮಾತ್ರ ಖಚಿತವಿಲ್ಲ. ಅಣ್ಣನಿಗೆ ಒಂದು ಹೇಳಿದೆ, ಕಾಗದದಲ್ಲಿ ಇನ್ನೊಂದು ಬರೆದೆ. ಎರಡರಲ್ಲಿ ನೀನು ಕಣ್ಣಾರೆ ಕಂಡದ್ದು ಯಾವುದು ಎಂದು ಕೇಳುವವರು ಈಗ ಯಾರೂ ಉಳಿದಿಲ್ಲ.

ನಾವು ಸೇಡಂನವರು. ಕಾಗಿಣಾ ಹೊಳೆಯ ದಂಡೆಗೆ ನಮ್ಮದೊಂದು ಸಣ್ಣ ಹೊಲ. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಇನ್ನೂ ಮೀಸೆ ಮೂಡುತ್ತಿತ್ತು. ಹೊಲವನ್ನು ಕಾಕಾನಿಗೆ ಒಪ್ಪಿಸಿ ಅವನು ವಾಡಿಗೂ ಶಹಾಬಾದಕ್ಕೂ ನಡುವೆ ಇದ್ದ ಒಂದು ಕಲ್ಲಿನ ಖಣಿಗೆ ಕೆಲಸಕ್ಕೆ ಹೋದ. ಆ ಕಡೆಯ ಕಲ್ಲು ನೆಲದೊಳಗೆ ಹಾಳೆ ಜೋಡಿಸಿಟ್ಟಂತೆ ಪದರ ಪದರವಾಗಿರುತ್ತದೆ. ಹಾರೆಯನ್ನು ಸರಿಯಾದ ಕಡೆ ಇಟ್ಟು ಮೀಟಿದರೆ ಆಳುದ್ದದ ಚಪ್ಪಡಿ ಒಂದೇ ಏಟಿಗೆ ಏಳುತ್ತದೆ. ಅದನ್ನು ಮರಳು ನೀರು ಹಾಕಿ ಉಜ್ಜಿ ನುಣುಪು ಮಾಡುವುದರಲ್ಲಿ ಅಣ್ಣನ ಕೈ ಪಳಗಿತು. ಕೆಲವೇ ವರ್ಷಗಳಲ್ಲಿ ಅವನು ಅಲ್ಲಿಯ ಮುಕ್ಕದಮನಾದ, ಅಂದರೆ ಒಂದು ಗುಂಪು ಕೆಲಸಗಾರರ ಮೇಲಿನವನು. ಚಿಂಚೋಳಿಯ ಕಡೆಯಿಂದ ವೈನಿಯನ್ನು ಮದುವೆಯಾಗಿ ತಂದ. ನನ್ನನ್ನು ಓದಲು ಹೈದರಾಬಾದಿಗೆ ಕಳಿಸಿದ.

ಕಲ್ಲು ನುಣುಪಾಯಿತೋ ಇಲ್ಲವೋ ಎಂದು ನೋಡಲು ಅವನದೊಂದು ರೀತಿ ಇತ್ತು. ಹತ್ತಿಯ ಅರಳೆಯನ್ನು ಎರಡು ಬೆರಳಲ್ಲಿ ಹಗುರಾಗಿ ಹಿಡಿದು ಕಲ್ಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಎಳೆಯುತ್ತಿದ್ದ. ಒಂದು ಎಳೆ ಸಿಕ್ಕಿಕೊಂಡರೂ ಆ ಜಾಗಕ್ಕೆ ಮತ್ತೆ ಮರಳು, ಮತ್ತೆ ನೀರು. ನಾನು ರಜೆಗೆ ಹೋದಾಗ ಅವನ ಅಂಗಿಯ ಜೇಬಿನಲ್ಲಿ ಬೀಡಿಯ ಜೊತೆಗೆ ಅರಳೆಯ ಉಂಡೆ ಯಾವಾಗಲೂ ಇರುತ್ತಿತ್ತು.

ಹೈದರಾಬಾದಿನಲ್ಲಿ ನಾನು ಕಲಿತದ್ದು ಭೌತಶಾಸ್ತ್ರ, ಅದೂ ಉರ್ದುವಿನಲ್ಲಿ. ಎಂ.ಎಸ್ಸಿ.ಯ ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಯೋಗ ಮಾಡಿ ಬರೆದುಕೊಡಬೇಕಿತ್ತು. ನಾನು ಆರಿಸಿಕೊಂಡದ್ದು ತಿರುಗುವ ಕಾಲುವೆಯಲ್ಲಿ ಹರಿಯುವ ನೀರು. ಇಕ್ಕಟ್ಟಾದ ಕಾಲುವೆಯೊಂದರಲ್ಲಿ ನೀರನ್ನು ಮೆಲ್ಲಗೆ ಬಿಟ್ಟರೆ ಅದು ನೂಲು ಹಿಡಿದಂತೆ ನೇರವಾಗಿ ಹೋಗುತ್ತದೆ. ನಡುವಿನ ನೀರು ಬೇಗ ಹೋಗುತ್ತದೆ, ಎರಡೂ ಗೋಡೆಗಳ ಪಕ್ಕದ್ದು ನಿಧಾನ. ಈಗ ಆ ಕಾಲುವೆಯನ್ನೇ ಬುಗುರಿಯಂತೆ ನೆಲದ ಮೇಲೆ ತಿರುಗಿಸಿದರೆ ನೀರೆಲ್ಲ ಒಂದು ಗೋಡೆಯ ಕಡೆಗೆ ಒತ್ತುತ್ತದೆ, ವೇಗದ ನೀರು ಹೆಚ್ಚಾಗಿ ಒತ್ತುತ್ತದೆ. ಆ ಗೋಡೆಯ ಬಳಿ ನಿಧಾನದ ನೀರು ಮೊದಲೇ ಜಾಗ ಹಿಡಿದಿರುತ್ತದೆ. ಅದನ್ನು ಹೊರದೂಡಿ ಇದು ಒಳನುಗ್ಗಬೇಕು. ಆ ನೂಕಾಟದಲ್ಲಿ ಹರಿವು ಸುರುಳಿ ಸುರುಳಿಯಾಗಿ ಒಡೆಯುತ್ತದೆ. ಎದುರಿನ ಗೋಡೆಯ ಬಳಿ ಇದೇ ತಿರುಗಾಟ ನೀರನ್ನು ಮೊದಲಿಗಿಂತ ಶಾಂತವಾಗಿ ಇಡುತ್ತದೆ. ಒಂದೇ ನೀರು, ಎರಡು ಬೆರಳಿನ ಅಗಲ, ಒಂದು ದಂಡೆಯಲ್ಲಿ ಗೊಂದಲ, ಇನ್ನೊಂದರಲ್ಲಿ ಏನೂ ಆಗಿಲ್ಲವೆಂಬಂತೆ. ಕಾಗದದ ಮೇಲೆ ಲೆಕ್ಕ ಹಾಗೆ ಬರುತ್ತಿತ್ತು. ನಾನು ಕಾಗದವನ್ನು ನಂಬುವವನಾಗಿರಲಿಲ್ಲ.

ಕಾಲೇಜಿನಲ್ಲಿ ತಿರುಗಿಸಲು ಬೇಕಾದ ದೊಡ್ಡ ತಟ್ಟೆ ಇರಲಿಲ್ಲ. ಅಣ್ಣನ ಖಣಿಯಲ್ಲಿ ಇತ್ತು. ಕಲ್ಲು ತುಂಬಿದ ಡಬ್ಬಿಗಳನ್ನು, ಅಂದರೆ ಹಳಿಯ ಮೇಲೆ ತಳ್ಳುವ ಬಂಡಿಗಳನ್ನು, ಒಂದು ಹಳಿಯಿಂದ ಇನ್ನೊಂದು ಹಳಿಗೆ ಹೊರಳಿಸಲು ನೆಲದ ಮಟ್ಟಕ್ಕೆ ಕೂರಿಸಿದ ದುಂಡನೆಯ ತಟ್ಟೆ. ಅದರ ಮೇಲೆ ಎರಡು ಹಳಿಯ ತುಂಡುಗಳು, ಅಂಚಿನಲ್ಲಿ ತಳ್ಳುವ ಕೋಲುಗಳು. ಎಲ್ಲರೂ ಅದನ್ನು ಚಕ್ಕರ ಎನ್ನುತ್ತಿದ್ದರು. ಅದರ ಅಂಚಿಗೆ ಕಬ್ಬಿಣದ ಒಂದು ನಾಲಗೆ ಇತ್ತು. ತಟ್ಟೆಯ ಹಳಿ ನೆಲದ ಹಳಿಗೆ ಸರಿಯಾಗಿ ಕೂಡಿದಾಗ ಆ ನಾಲಗೆ ಕೆಳಗಿನ ಕಚ್ಚಿನೊಳಗೆ ಠಣ್ಣೆಂದು ಬಿದ್ದು ತಟ್ಟೆಯನ್ನು ನಿಲ್ಲಿಸುತ್ತಿತ್ತು.

ನಾನು ಬಂದ ಕಾರಣ ಹೇಳಿದಾಗ ಅಣ್ಣ ಬಾಯಿಂದ ಬೀಡಿ ತೆಗೆದ.

"ಅಂದ್ರ ನೀರಿಗಿ ತಲಿ ತಿರುಗ್ತದೋ ಇಲ್ಲೋ ಅಂತ ನೋಡ್ಲಿಕ್ಕ ಸರ್ಕಾರ ನಿನ್ನ ಕೂಡ್ಸಿ ಉಣ್ಣಸ್ತದ?"

"ಒಂದೇ ಕಡಿ ತಿರುಗ್ತದ ಅಣ್ಣಾ. ಇನ್ನೊಂದು ಕಡಿ ಆರಾಮ ಇರ್ತದ."

"ಹ್ಯಾಂಗ?"

ರೈಲಿನ ಬಾಗಿಲಿಗೆ ಜನ ನುಗ್ಗುವ ಉದಾಹರಣೆ ಕೊಟ್ಟೆ. ಜೋರಿರುವವರು ಒಳಗೆ ನುಗ್ಗುತ್ತಾರೆ, ಒಳಗಿರುವ ನಿಧಾನದವರು ಹೊರಗೆ ಬರಬೇಕು, ಬಾಗಿಲಲ್ಲಿ ಗದ್ದಲ. ಆಚೆ ಬದಿಯ ಕಿಟಕಿಯಲ್ಲಿ ಕೂತವನು ಬೀಡಿ ಸೇದುತ್ತಿರುತ್ತಾನೆ. ಅಣ್ಣ ಬೀಡಿಯ ಬೂದಿ ಕೊಡವಿ, "ಆ ಕಿಟಕಿ ಹಂತ್ಯಾಕ ಕುಂತಂವ ನೀನೇ ಬಿಡು" ಎಂದ. ಸುತ್ತಲಿದ್ದ ಕೆಲಸಗಾರರೆಲ್ಲ ನಕ್ಕರು. ಆಮೇಲೆ ಅವನು ಎರಡು ಚಪ್ಪಡಿಗಳನ್ನು ಆರಿಸಲು ಎದ್ದು ಹೋದ.

ಕಾಲುವೆಯನ್ನು ಪೂರ್ತಿ ಅವನೇ ಮಾಡಿದ. ತಳಕ್ಕೆ ಒಂದು ಚಪ್ಪಡಿ, ಅದರ ಮೇಲೆ ಆಳುದ್ದದ ಎರಡು ಚಪ್ಪಡಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಎರಡು ಬೆರಳಿನ ಸಂದು. ಒಳಮುಖಗಳನ್ನು ಉಜ್ಜುವುದರಲ್ಲೇ ದಿನಗಳು ಕಳೆದವು. ಕೆಲಸ ಮುಗಿದ ಮೇಲೆ ಸಂಜೆ ಅವನು ಮೊಣಕಾಲೂರಿ ಉಜ್ಜುತ್ತಿದ್ದ. ಹಿಂಬದಿಯಲ್ಲಿ ಉಳಿಯಿಂದ ಗುರುತು ಹಾಕಿದ: ನೀರು ಹರಿಯುವ ಕಡೆ ಮುಖ ಮಾಡಿದರೆ ಎಡಗಡೆಯದಕ್ಕೆ ಒಂದು ಚುಕ್ಕೆ, ಬಲಗಡೆಯದಕ್ಕೆ ಎರಡು. ಒಂದು ತುದಿಯಲ್ಲಿ ನೀರಿನ ಹಂಡೆ, ಇನ್ನೊಂದರಲ್ಲಿ ನೀರು ಬೀಳುವ ಕೊಡ. ಕಾಲರಾ ಬಂದಾಗ ಬಾವಿಗೆ ಹಾಕುವ ಕೆಂಪು ಪುಡಿಯನ್ನು ನಾನು ಚಿತ್ತಾಪುರದ ಪರಿಚಯದವರೊಬ್ಬರಿಂದ ತಂದಿದ್ದೆ. ನೀರಿನಲ್ಲಿ ಅದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಎರಡು ಸಣ್ಣ ಕೊಳವೆಗಳಿಂದ ಎರಡೂ ಗೋಡೆಗಳ ಪಕ್ಕಕ್ಕೆ ಒಂದೊಂದು ಬಣ್ಣದ ಗೆರೆ ಬಿಡುವುದು ನನ್ನ ಉಪಾಯ.

ಚಕ್ಕರವನ್ನು ಅಲ್ಲಿಯವರು ಬಲಕ್ಕೆ ಮಾತ್ರ ತಿರುಗಿಸುತ್ತಿದ್ದರು. ತಟ್ಟೆಯ ನಡುಮಧ್ಯದ ಕೀಲಿನ ತಲೆಗೆ ವಿಭೂತಿ ಹಚ್ಚಿ, ಅಮಾವಾಸ್ಯೆಗೊಮ್ಮೆ ಕಾಯಿ ಒಡೆಯುತ್ತಿದ್ದರು. ಗುಡಿಯ ಸುತ್ತ ಬರುವ ಹಾಗೆ ಅದು ಯಾವಾಗಲೂ ತಮ್ಮ ಬಲಗೈ ಕಡೆ ಇರಬೇಕು. ಡಬ್ಬಿ ಎಡಕ್ಕೆ ಕಾಲು ಸುತ್ತು ಹೊರಳಿದರೆ ಸಾಕಾಗುವಲ್ಲಿ ಬೆವರು ಸುರಿಸಿ ಬಲಕ್ಕೆ ಮುಕ್ಕಾಲು ಸುತ್ತು ತಳ್ಳುತ್ತಿದ್ದರು. ಹೀಗೇಕೆ ಎಂದು ನಾನು ಅಲ್ಲಿನ ಹಿರಿಯ ಕೆಲಸಗಾರನನ್ನು ಕೇಳಿದ್ದೆ. ಅವನನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದರು. ಚಕ್ಕರ ಕೂರಿಸಿದ ದಿನದಿಂದ ಅವನು ಅಲ್ಲಿದ್ದ.

"ಹಿಂಗೇ ತಿರುವ್ತೀವಿ, ಅದಕ್ಕ ಹಿಂಗೇ ತಿರುಗ್ತದ" ಎಂದ ಮುತ್ಯಾ. ನನಗೆ ಅದು ಉತ್ತರವೇ ಅಲ್ಲವೆನಿಸಿತ್ತು.

ಮೊದಲನೆಯ ದಿನ ರವಿವಾರ. ಖಣಿಗೆ ರಜೆ. ಅಣ್ಣ ನಾಲಗೆಯನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿದ, ತಟ್ಟೆ ನಿಲ್ಲದೆ ಸುತ್ತಲೆಂದು. ಅವನೂ ಇನ್ನಿಬ್ಬರೂ ಕೋಲಿಗೆ ನಿಂತರು. ಕಾಲುವೆಯನ್ನು ತಟ್ಟೆಯ ಮೇಲೆ ಕೂರಿಸಿದ್ದೆವು, ನಾನು ಅದರ ಪಕ್ಕದಲ್ಲಿ ಕೂತೆ. ನಿಂತ ತಟ್ಟೆಯ ಮೇಲೆ ಎರಡೂ ಗೆರೆಗಳು ಉದ್ದಕ್ಕೂ ನೇರ. ಆಮೇಲೆ ತಳ್ಳಿದರು, ಬಲಕ್ಕೆ. ಒಂದು ಸುತ್ತು ಮುಗಿಯುವ ಹೊತ್ತಿಗೆ ಎಡಗೋಡೆಯ ಗೆರೆ ನಡುಗಿತು, ಹಾವಿನಂತೆ ಹೊರಳಿತು, ಚಿಂದಿಯಾಯಿತು. ಬಲಗೋಡೆಯದು ಹರಿಯದ ನೂಲು. ಇದನ್ನು ನಾನು ಕಂಡೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ, ಏಕೆಂದರೆ ಆ ದಿನದ ಟಿಪ್ಪಣಿ ನನ್ನ ಕೈಬರಹದಲ್ಲಿದೆ ಮತ್ತು ಅದರ ಮೇಲೆ ಆ ಬಣ್ಣದ ನೀರಿನ ಕಲೆಗಳಿವೆ.

ಬೇರೆ ಯಾರಾದರೂ ಅಲ್ಲಿಗೆ ಸಾಕುಮಾಡುತ್ತಿದ್ದರು. ನಾನು ಹಂಡೆ ತುಂಬಿಸಿ ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಎಡಕ್ಕೇ ಒಡೆಯಿತು. ಅದರಿಂದಲೇ ನನ್ನ ಅನುಮಾನ ಹುಟ್ಟಿತು. ತಿರುಗಾಟದಿಂದ ಒಡೆಯುತ್ತಿದೆಯೋ, ಅಥವಾ ಎಡಗಡೆಯ ಕಲ್ಲಿನಲ್ಲೇ ಏನಾದರೂ ತರಕಲು ಇದೆಯೋ? ತಿರುಗುವಾಗ ಮಾತ್ರ ನೀರು ಆ ಕಲ್ಲಿಗೆ ಒತ್ತುತ್ತದೆ, ಆದ್ದರಿಂದ ದೋಷ ತಿರುಗುವಾಗ ಮಾತ್ರ ಕಾಣಿಸಬಹುದು. ಮಧ್ಯಾಹ್ನ ರೊಟ್ಟಿ ತಿನ್ನುವಾಗ ಇದನ್ನು ಅಣ್ಣನ ಮುಂದೆ ಹೇಳಿದೆ.

ಅವನು ರೊಟ್ಟಿ ಕೆಳಗಿಟ್ಟ. "ನನ್ನ ಕೈಯಾಗಿನ ಕಲ್ಲು ತರಕಲ ಅಂತೀಯೇನೋ?"

"ಹಂಗಲ್ಲ ಅಣ್ಣಾ. ಇರಬಹುದು ಅಂದೆ."

ಅವನು ಜೇಬಿನಿಂದ ಅರಳೆ ತೆಗೆದ. ಕಾಲುವೆಯ ನೀರು ಬಸಿದು, ಒರೆಸಿ, ಒಣಗಲು ಬಿಟ್ಟು, ನಮ್ಮೆಲ್ಲರ ಎದುರು ಎಡಗಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದ. ಒಂದು ಎಳೆಯೂ ಸಿಕ್ಕಲಿಲ್ಲ. ನನ್ನ ಮುಖ ನೋಡಿದ.

ನಾನು ಆಗ ಹೇಳಿದ ಮಾತು ನೆನಪಿದೆ. ನೆನಪಿಲ್ಲದಿದ್ದರೆ ಒಳ್ಳೆಯದಿತ್ತು. "ಅರಳಿಗೆ ಗೊತ್ತಾಗಲಾರದ್ದು ನೀರಿಗಿ ಗೊತ್ತಾಗ್ತದ, ಅಣ್ಣಾ" ಎಂದೆ.

ಸುತ್ತ ಕೂತವರು ಯಾರೂ ನಗಲಿಲ್ಲ. ಅಣ್ಣ ಅರಳೆಯನ್ನು ಮಡಿಸಿ ಜೇಬಿಗಿಟ್ಟ. "ಹ್ಯಾಂಗ ಮಾಡಿದ್ರ ನಿನಗ ಖಾತ್ರಿ ಆಗ್ತದ?" ಎಂದು ಕೇಳಿದ.

ತಟ್ಟೆಯನ್ನು ಎಡಕ್ಕೆ ತಿರುಗಿಸಬೇಕು ಎಂದೆ. ಆಗ ನೀರು ಬಲಗೋಡೆಗೆ ಒತ್ತುತ್ತದೆ. ಗೆರೆ ಬಲಕ್ಕೆ ಒಡೆದರೆ ಎಡಗಲ್ಲಿನ ತಪ್ಪು ಏನೂ ಇಲ್ಲ. ಬಲಕ್ಕೆ ಒಡೆಯದಿದ್ದರೆ, ಅಥವಾ ಆಗಲೂ ಎಡಕ್ಕೇ ಒಡೆದರೆ, ಕಲ್ಲು ತರಕಲು.

ಮುಂದಿನ ರವಿವಾರದವರೆಗೆ ಅಣ್ಣ ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ. ಆ ದಿನ ಬೆಳಿಗ್ಗೆ ಕೋಲಿಗೆ ಬಂದ ಇಬ್ಬರು, ಎಡಕ್ಕೆ ತಿರುಗಿಸಬೇಕು ಎಂದು ಕೇಳಿದ ಕೂಡಲೇ ಹಿಂದೆ ಸರಿದರು. ಮುತ್ಯಾ ಬೇವಿನ ಮರದ ಕೆಳಗಿನಿಂದ ಎದ್ದು ಬಂದ.

"ಉಲ್ಟಾ ತಿರುವ್ತೀರೇನೋ? ಬ್ಯಾಡ. ನನ್ನ ಜೀವಮಾನದಾಗ ಇದು ಆ ಕಡಿ ತಿರುಗಿಲ್ಲ."

"ಒಂದೇ ಸಲ, ಮುತ್ಯಾ" ಎಂದ ಅಣ್ಣ. "ಕಲ್ಲಿನ ಮ್ಯಾಲ ಮಾತು ಬಂದದ. ಎಡಗಡಿ ಕಲ್ಲು ತರಕಲ ಅದ ಅಂತ ಪ್ರೊಫೆಸರ್ ಸಾಬರು ಅಂತಾರ."

ಮುತ್ಯಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಇಂವಗೇನ್ ಗೊತ್ತು? ಇಂವ ಕಲ್ಲ ಮ್ಯಾಲ ಕುಂದ್ರೋದಷ್ಟ ಕಲ್ತಾನ."

"ಅದಕ್ಕ ಮುತ್ಯಾ. ಕುಂತಲ್ಲೇ ಒಮ್ಮಿ ಕಾಣ್ಲಿ ಅಂವಗ."

ಬೇಡ ಎನ್ನಲು ನನಗೆ ಆಗ ಸಮಯವಿತ್ತು. ಮುತ್ಯಾನ ಭಯವನ್ನು ನಾನು ಮೂಢನಂಬಿಕೆ ಎಂದು ತಿಳಿದಿದ್ದೆ, ಮತ್ತು ಒಂದು ಮೂಢನಂಬಿಕೆಯನ್ನು ಮುರಿಯುವುದೂ ಪ್ರಯೋಗದ ಜೊತೆಗೆ ಆಗಿಹೋಗಲಿ ಎಂಬ ಸಣ್ಣ ಖುಷಿ ಮನಸ್ಸಿನಲ್ಲಿತ್ತು. ಮುತ್ಯಾ ಮರಳಿ ಮರದ ಕೆಳಗೆ ಹೋಗಿ ಕೂತ. ಕೊನೆಗೆ ಒಬ್ಬ ಕೋಲಿಗೆ ಬಂದ, ಎದುರು ಬದಿಗೆ ನಿಂತ. ನನ್ನ ಪಕ್ಕದ ಕೋಲಿಗೆ ಅಣ್ಣ. ನಾನು ಬಣ್ಣ ಬಿಟ್ಟೆ. ತಟ್ಟೆ ಎಡಕ್ಕೆ ಹೊರಟಿತು, ಮೊದಲು ಗೊಣಗುತ್ತ, ಆಮೇಲೆ ಸಲೀಸಾಗಿ. ಒಂದು ಸುತ್ತು ಮುಗಿಯಿತು. ಎರಡನೆಯ ಸುತ್ತಿನಲ್ಲಿ ನಾಲಗೆಗೆ ಕಟ್ಟಿದ್ದ ಹಗ್ಗ ಸಡಿಲಿತು. ನಾಲಗೆ ಕೆಳಗೆ ಬಿದ್ದು, ಕಚ್ಚಿಗೆ ಬಂದಾಗ ಠಣ್ಣೆಂದಿತು.

ಆ ಸದ್ದು ಕೇಳಿದಾಗ ಚಕ್ಕರ ನಿಂತಿತು ಎಂದೇ ಅರ್ಥ. ಅಷ್ಟು ವರ್ಷ ಆ ಸದ್ದಿಗೆ ಮುಕ್ಕದಮನು ಕೋಲು ಬಿಟ್ಟು ತಟ್ಟೆಯ ಕಡೆಯ ಕಾಲನ್ನು ಹಳಿಗಳು ಕೂಡುವ ಜಾಗದ ಮೇಲೆ ಇಟ್ಟು, ಸರಿಯಾಗಿ ಕೂಡಿದವೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದ. ಅಣ್ಣನ ಕಾಲು ತಾನಾಗಿಯೇ ಹೋಯಿತು. ತಟ್ಟೆ ನಿಲ್ಲಲಿಲ್ಲ. ಒಂದೇ ದಿಕ್ಕಿನಿಂದ ನಾಲಗೆ ಬಂದು ಬಂದು ಕಚ್ಚಿನ ಆ ಬದಿಯ ಅಂಚು ಸವೆದು ಇಳಿಜಾರಾಗಿತ್ತು. ಬಲಕ್ಕೆ ತಿರುಗುವಾಗ ಎದುರಿನ ಗಟ್ಟಿ ಅಂಚು ನಾಲಗೆಯನ್ನು ತಡೆಯುತ್ತಿತ್ತು. ಎಡಕ್ಕೆ ತಿರುಗುವಾಗ ತಡೆಯಬೇಕಾದದ್ದು ಆ ಸವೆದ ಅಂಚು. ನಾಲಗೆ ಅದರ ಮೇಲೆ ಹತ್ತಿ ಜಾರಿಕೊಂಡು ಹೊರಬಂತು. ಅಣ್ಣನ ಎಡ ಪಾದ ನೆಲದ ಹಳಿಯ ತುದಿಗೂ ತಟ್ಟೆಯ ಹಳಿಯ ತುದಿಗೂ ನಡುವೆ ಸಿಕ್ಕಿತು.

ಹಿಂಗೇ ತಿರುಗಿಸುತ್ತೇವೆ, ಅದಕ್ಕೇ ಹೀಗೇ ತಿರುಗುತ್ತದೆ. ಮುತ್ಯಾ ಕೊಟ್ಟದ್ದು ಪೂರ್ತಿ ಉತ್ತರವಾಗಿತ್ತು. ಮೊದಲ ದಿನ ಆ ರೂಢಿಗೆ ಕಾರಣವಿತ್ತೋ ಇಲ್ಲವೋ ಗೊತ್ತಿಲ್ಲ. ತಿರುಗಿಸುತ್ತ ತಿರುಗಿಸುತ್ತ ಕಬ್ಬಿಣದಲ್ಲಿ ಕಾರಣ ಮೂಡಿತ್ತು.

ಅವನನ್ನು ಕಲ್ಲಿನ ಡಬ್ಬಿಯಲ್ಲಿ ಮಲಗಿಸಿ ವಾಡಿಗೆ ತಳ್ಳಿಕೊಂಡು ಹೋದರು. ಅಲ್ಲಿಂದ ರೈಲಿನಲ್ಲಿ ಕಲಬುರ್ಗಿಯ ದವಾಖಾನೆ. ಕಣಕಾಲಿನ ಮೇಲೆ ಕತ್ತರಿಸಿದರು. ಮೂರನೆಯ ದಿನ ಅವನಿಗೆ ಪೂರ್ತಿ ಎಚ್ಚರ ಬಂದಾಗ ನಾನು ಪಕ್ಕದಲ್ಲಿದ್ದೆ. ವೈನಿ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಅವನು ಕಾಲಿನ ಕಡೆ ನೋಡಲಿಲ್ಲ.

"ತಮ್ಮಾ, ಯಾ ಕಡಿ ಒಡೀತೋ?"

"ಬಲಗಡಿ, ಅಣ್ಣಾ" ಎಂದೆ.

"ಎಡಗಡಿದು?"

"ನೆಟ್ಟಗ ಇತ್ತು. ನೂಲಿನಂಗ."

"ಖರೇ?"

"ಖರೇ ಅಣ್ಣಾ."

"ಹಂಗಾದ್ರ ಕಲ್ಲು ಛಲೋ ಅದ" ಎಂದು ಕಣ್ಣು ಮುಚ್ಚಿದ.

ನಾನು ಅದನ್ನು ಕಂಡಿದ್ದೆನೇ? ಕಂಡಿದ್ದೇನೆ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಬಲಗೋಡೆಯ ಪಕ್ಕ ನೇರಳೆ ಬಣ್ಣ ಸುರುಳಿ ಸುತ್ತುವ ಚಿತ್ರ ನನ್ನ ಕಣ್ಣ ಮುಂದೆ ಬರುತ್ತದೆ. ಆದರೆ ಅದು ಮೊದಲ ದಿನದ ಎಡಗಡೆಯ ಚಿತ್ರವನ್ನೇ ಕನ್ನಡಿಯಲ್ಲಿ ಹಿಡಿದಂತಿದೆ, ಸುರುಳಿಗಳ ಸಂಖ್ಯೆ ಕೂಡ ಅಷ್ಟೇ. ಮತ್ತು ಅಣ್ಣನ ಎಡಗೆನ್ನೆಯ ಮಚ್ಚೆ ನನಗೆ ನೆನಪಿದೆ. ಬಲಕ್ಕೆ ಸುತ್ತುವವನ ಬಲಗೆನ್ನೆ ಮಾತ್ರ ತಟ್ಟೆಯ ಮೇಲಿನವನಿಗೆ ಕಾಣುತ್ತದೆ. ಎಡಗೆನ್ನೆ ಕಾಣಬೇಕಾದರೆ ಅದು ಎರಡನೆಯ ದಿನವೇ. ಅಂದರೆ ಎರಡನೆಯ ದಿನ ಆ ಒಂದೂವರೆ ಸುತ್ತಿನ ಹೊತ್ತು ನಾನು ನೋಡುತ್ತಿದ್ದದ್ದು ಅಣ್ಣನ ಮುಖವನ್ನು. ಅವನ ಮುಖದಲ್ಲಿ ಕೋಪ ಉಳಿದಿದೆಯೋ ಎಂದು ನೋಡುತ್ತಿದ್ದೆ. ನೀರನ್ನು ಯಾವಾಗ ನೋಡಿದೆ?

ಕಲಬುರ್ಗಿಯಿಂದ ಮರಳುವಾಗ ವಾಡಿಯಲ್ಲಿ ನಮ್ಮ ಡಬ್ಬಿಯನ್ನು ಶಂಟಿಂಗಿಗೆಂದು ಕಳಚಿ, ಇಂಜಿನ್ನನ್ನು ಇನ್ನೊಂದು ತುದಿಗೆ ತಂದು ಹಿಂದಕ್ಕೆ ಎಳೆದರು. ಅದುವರೆಗೆ ಪ್ರಯಾಣದ ಎಡಕ್ಕಿದ್ದ ನನ್ನ ಕಿಟಕಿ ಈಗ ಬಲಕ್ಕಾಯಿತು. ನಾನು ಕೂತ ಜಾಗ ಬದಲಾಗಿರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡೆ. ತಟ್ಟೆಯನ್ನು ಎಡಕ್ಕೆ ತಿರುಗಿಸುವ ಅಗತ್ಯವೇ ಇರಲಿಲ್ಲ. ನೀರಿನ ಹಂಡೆಯನ್ನು ಕಾಲುವೆಯ ಇನ್ನೊಂದು ತುದಿಗೆ ಇಟ್ಟಿದ್ದರೆ ಸಾಕ್ಷಾತ್ ಅದೇ ಪರೀಕ್ಷೆ ಆಗುತ್ತಿತ್ತು. ನೀರು ಹಿಂದುಮುಂದಾಗಿ ಹರಿದರೆ ಎಡಗಲ್ಲು ಬಲಕ್ಕೆ ಬರುತ್ತದೆ. ಚಕ್ಕರ ಎಂದಿನಂತೆ ಬಲಕ್ಕೇ ತಿರುಗುತ್ತಿತ್ತು, ನಾಲಗೆ ಎಂದಿನಂತೆ ನಿಲ್ಲಿಸುತ್ತಿತ್ತು. ಒಂದು ಹಂಡೆ, ಒಂದು ಕೊಡ, ಆರು ಅಡಿ. ಇಬ್ಬರು ಎತ್ತಿಡುವ ಕೆಲಸ.

ಹೈದರಾಬಾದಿನಲ್ಲಿ ಬರೆದುಕೊಡಬೇಕಾದ ದಿನ ಬಂತು. ಅಣ್ಣನಿಗೆ ಹೇಳಿದ್ದನ್ನೇ ಬರೆಯಲು ಕೂತರೆ ಕೈ ಒಪ್ಪಲಿಲ್ಲ. ಮೊದಲನೆಯ ದಿನದ ಫಲಿತಾಂಶ ಬರೆದೆ. ಎರಡನೆಯ ದಿನದ ಪ್ರಯೋಗ ಅಪೂರ್ಣವಾಯಿತು ಎಂದು ಬರೆದೆ. ಆಮೇಲೆ, ನೇರವಾಗಿರಬೇಕೆಂಬ ಹಟದಿಂದ, ಎಡಗೋಡೆಯ ಕಲ್ಲಿನ ಒರಟುತನವೇ ಕಾರಣವಾಗಿರಬಹುದೆಂಬ ಸಂದೇಹವನ್ನು ತಳ್ಳಿಹಾಕಲಾಗದು ಎಂದು ಉರ್ದುವಿನಲ್ಲಿ ಬರೆದೆ. ಅಣ್ಣನಿಗೆ ಉರ್ದು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನನ್ನ ಗುರುಗಳು ಆ ವಾಕ್ಯದ ಕೆಳಗೆ ಗೆರೆ ಎಳೆದು, ವಿಜ್ಞಾನಿಗೆ ಬೇಕಾದ ಪ್ರಾಮಾಣಿಕತೆ ಎಂದರು.

ಎಷ್ಟೋ ವರ್ಷಗಳ ಮೇಲೆ, ಅಣ್ಣನೂ ಇಲ್ಲದ ಕಾಲಕ್ಕೆ, ಬೇರೆಯವರ ಪುಸ್ತಕಗಳಲ್ಲಿ ಓದಿದೆ: ತಿರುಗುವ ಕಾಲುವೆಯಲ್ಲಿ ಒಂದು ಗೋಡೆಯ ನೀರು ಒಡೆಯುವುದೂ ಇನ್ನೊಂದರದು ಶಾಂತವಾಗುವುದೂ ನಿಜ, ದಿಕ್ಕು ಬದಲಿಸಿದರೆ ಗೋಡೆಯೂ ಬದಲಾಗುತ್ತದೆ. ಇನ್ನೂ ಜೋರಾಗಿ ತಿರುಗಿಸಿದರೆ ಎರಡೂ ಕಡೆ ನೀರು ಮತ್ತೆ ಶಾಂತವಾಗುತ್ತದಂತೆ. ಮೂವರು ಮನುಷ್ಯರು ನಡೆಯುತ್ತ ತಳ್ಳುವ ವೇಗ ಸರಿಯಾಗಿ ಕೆಡುವಷ್ಟೇ ಇತ್ತು. ಪುಸ್ತಕಗಳು ನೀರಿನ ಬಗ್ಗೆ ಹೇಳುತ್ತವೆ. ಆ ಒಂದು ಕಲ್ಲಿನ ಬಗ್ಗೆ ಅವು ಏನೂ ಹೇಳುವುದಿಲ್ಲ.

ಅಣ್ಣ ಸೇಡಂಗೆ ಮರಳಿದ. ಖಣಿಯವರು ಕಾಲುವೆಯ ಗೋಡೆಯ ಆ ಎರಡು ಚಪ್ಪಡಿಗಳನ್ನು ಗಾಡಿಯಲ್ಲಿ ಕಳಿಸಿಕೊಟ್ಟರು, ಅವನೇ ಕೇಳಿ ತರಿಸಿಕೊಂಡದ್ದು. ಅಂಗಳದ ಗೋಡೆಗೆ ಒರಗಿಸಿಟ್ಟಿದ್ದ. ಬಗಲಲ್ಲಿ ಕೋಲು ಹಿಡಿದು ಹೊಲಕ್ಕೆ ಹೋಗಿಬರುತ್ತಿದ್ದ, ಬದುವಿನ ಮೇಲೆ ಕೂತು ನೀರು ಹಾಯಿಸುವವರಿಗೆ ಹೇಳಿಕೊಡುತ್ತಿದ್ದ. ಬಂದವರಿಗೆಲ್ಲ ಕಲ್ಲುಗಳನ್ನು ತೋರಿಸುತ್ತಿದ್ದ.

"ಇದರ ಮ್ಯಾಲ ಮಾತು ಬಂದಿತ್ತು. ಕೇಸ್ ಗೆದ್ದೀವಿ. ಹೈದರಾಬಾದಿನಾಗ ಬರ್ಕೊಂಡಾರ." ನನ್ನ ಕಡೆ ತಿರುಗಿ, "ಬರ್ದೀಯಿಲ್ಲೋ, ನನ್ನ ಕಲ್ಲಿನ ಮಾತು?"

"ಬರ್ದೀನಿ ಅಣ್ಣಾ."

ಏನಂತ ಬರೆದೆ ಎಂದು ಅವನು ಕೇಳಲಿಲ್ಲ.

ಒಂದು ಸಲ ಮಾತ್ರ, ನಾವಿಬ್ಬರೂ ಬದುವಿನ ಮೇಲೆ ಕೂತಿದ್ದಾಗ, ಸಾಲಿನಲ್ಲಿ ಹರಿಯುವ ನೀರನ್ನು ನೋಡುತ್ತ ಅವನು ಹೇಳಿದ: "ತಮ್ಮಾ, ಆ ಹಂಡೇನ ಆ ಕಡಿ ಇಟ್ಟು, ನೀರು ತಿರುಗಿ ಬಿಟ್ಟಿದ್ರ?"

ನಾನು ಬದುವಿನ ಹುಲ್ಲಿನ ಒಂದು ಕಡ್ಡಿ ಕಿತ್ತು ಸಾಲಿನ ನೀರಿಗೆ ಬಿಟ್ಟೆ.

"ಆಗ್ತಿತ್ತು, ಹೌದಿಲ್ಲೋ?"

"ಆಗ ಹೊಳೀಲಿಲ್ಲ ಅಣ್ಣಾ."

"ನನಗೂ ಹೊಳೀಲಿಲ್ಲ" ಎಂದ. "ಇರ್ಲಿ. ಇಬ್ಬರದೂ ತಪ್ಪು ಆತು."

ಅವನು ನಿಜವಾಗಿ ಹೀಗೆ ಹೇಳಿದನೇ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕ್ಷಮೆ ಬೇಕಾದವನು ತನಗೆ ಬೇಕಾದ ಮಾತನ್ನು ಸತ್ತವರ ಬಾಯಲ್ಲಿ ಸುಲಭವಾಗಿ ಹಾಕಿಬಿಡುತ್ತಾನೆ. ಆದರೆ ಆ ದಿನ ಹೊಲದಲ್ಲಿ ಇದ್ದದ್ದು ಜೋಳ, ಜೋಳಕ್ಕೆ ನಮ್ಮಲ್ಲಿ ನೀರು ಹಾಯಿಸುತ್ತಿರಲಿಲ್ಲ. ಸಾಲಿನಲ್ಲಿ ನೀರು ಎಲ್ಲಿಂದ ಬಂತು? ಹಾಗಾದರೆ ಅದು ಬೇರೆ ದಿನವಿರಬೇಕು. ಅಥವಾ ಅಂಥ ದಿನವೇ ಇರಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆಯಲ್ಲಿ ಗಲಾಟೆ ಹೆಚ್ಚಾಗಿ ಎಷ್ಟೋ ಮನೆಯವರು ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋದರು. ವೈನಿಯೂ ಹೊರಡೋಣ ಎಂದಿದ್ದರು. "ಓಡೋರಿಗಿ ಎರಡು ಕಾಲ ಬೇಕು" ಎಂದು ಅಣ್ಣ ನಕ್ಕುಬಿಟ್ಟನಂತೆ. ಅವನಿಗೆ ಯಾರೂ ಏನೂ ಮಾಡಲಿಲ್ಲ. ಮಳೆಗಾಲದ ಮೊದಲಿಗೆ ಜ್ವರ ಬಂತು, ಒಂಬತ್ತು ದಿನ ಮಲಗಿದ, ಹೋದ. ರೈಲುಗಳು ನಂಬುವಂತಿರಲಿಲ್ಲ. ನಾನು ಹೈದರಾಬಾದಿನಿಂದ ಸೇಡಂ ತಲುಪುವ ಹೊತ್ತಿಗೆ ಅವನನ್ನು ಹೂತು ನಾಲ್ಕು ದಿನವಾಗಿತ್ತು.

ವೈನಿ ನನ್ನನ್ನು ಸಮಾಧಿಯ ಹತ್ತಿರ ಕರೆದುಕೊಂಡು ಹೋದರು. ಹಸಿ ಮಣ್ಣಿನ ಮೇಲೆ ಕಾಲುವೆಯ ಒಂದು ಚಪ್ಪಡಿಯನ್ನು ಮಲಗಿಸಿದ್ದರು, ಉಜ್ಜಿದ ಮುಖ ಮೇಲಕ್ಕೆ. ಹಾಗೆ ಮಾಡಬೇಕೆಂದು ಅವನೇ ಹೇಳಿದ್ದನಂತೆ.

"ಎಡಗಡಿ ಕಲ್ಲು ನನ್ನ ಮ್ಯಾಲ ಹಾಕ್ರಿ, ಯಾರ ಬೇಕಾದ್ರ ಬಂದು ಕೈ ಆಡ್ಸಿ ನೋಡ್ಲಿ ಅಂದ್ರು" ಎಂದರು ವೈನಿ. "ನೋಡ್ರಿ, ಕೈ ಆಡ್ಸಿ ನೋಡ್ರಿ ನೀವೂ."

ಕುಳಿತು ಕೈ ಆಡಿಸಿದೆ. ತಲೆಯ ಕಡೆಯಿಂದ ಕಾಲಿನ ಕಡೆಗೆ, ಮತ್ತೆ ಕಾಲಿನ ಕಡೆಯಿಂದ ತಲೆಯ ಕಡೆಗೆ. ಎಲ್ಲಿಯೂ ಬೆರಳು ತಡೆಯಲಿಲ್ಲ. ಆಗ ನನಗೆ ಅಳು ಬಂತು. ಅಷ್ಟು ವರ್ಷದಲ್ಲಿ ಮೊದಲ ಸಲ, ನಾನು ದವಾಖಾನೆಯಲ್ಲಿ ಹೇಳಿದ್ದು ಸುಳ್ಳಾಗಿರಲಿಕ್ಕಿಲ್ಲ ಎನಿಸಿತು.

"ಹಿಂದ ಒಂದು ಚುಕ್ಕಿ ಇತ್ತಲ್ರಿ ವೈನಿ, ಅದು ನೋಡಿ ಹಾಕ್ಸಿದ್ರೇನು?"

"ಯಾ ಚುಕ್ಕಿರಿ?" ಎಂದರು ಅವರು. "ನನಗ ಯಾರೂ ಹೇಳಿಲ್ಲ. ಎರಡೂ ಒಂದೇ ಥರ ಕಾಣ್ತಿದ್ವು. ಎಡಗಡಿದು ಯಾವ್ದಂತ ಯಾರಿಗಿ ಕೇಳ್ಲಿ? ಅವರ ಅಂಗಿ ಜೇಬಿನಾಗ ಅರಳಿ ಇತ್ತು. ಅವರು ಮಾಡ್ತಿದ್ದಂಗ ಎಳ್ದು ನೋಡ್ದೆ. ಒಂದರಾಗ ಸಿಗ್ತು, ಒಂದರಾಗ ಸಿಗ್ಲಿಲ್ಲ. ಸಿಗಲಾರದ್ದು ಹಾಕ್ಸೀನಿ."

ನಾನು ಕಲ್ಲಿನ ಮೇಲಿನ ಕೈಯನ್ನು ತೆಗೆಯಲಿಲ್ಲ. ಎಡಗಲ್ಲು ಅಂಗಳದಲ್ಲಿ ಬಿಸಿಲಿಗೆ ಮಳೆಗೆ ನಿಂತು ಒರಟಾಗಿರಬಹುದು. ಬಲಗಲ್ಲು ನಿಂತು ಒರಟಾಗಿರಬಹುದು. ಒಂದು ಮೊದಲಿನಿಂದಲೂ ಹಾಗೇ ಇದ್ದಿರಬಹುದು. ನಾಲ್ಕು ಜನ ಹಿಡಿದರೆ ಚಪ್ಪಡಿ ಏಳುತ್ತದೆ, ಕೆಳಗೆ ಒಂದು ಚುಕ್ಕೆ ಇದೆಯೋ ಎರಡಿವೆಯೋ ಗೊತ್ತಾಗುತ್ತದೆ. ಹೀಗೆ ಯೋಚಿಸುತ್ತ ಕೂತಿದ್ದೆ, ವೈನಿ ನನ್ನನ್ನೇ ನೋಡುತ್ತಿದ್ದರು.

"ತಪ್ಪಾತೇನ್ರಿ?" ಎಂದು ಕೇಳಿದರು.

"ಇಲ್ರಿ ವೈನಿ. ಇದೇ ಎಡಗಡಿದು" ಎಂದೆ.

ಮನೆಗೆ ಬಂದೆವು. ಸಮಾಧಿಯಿಂದ ಬಂದವರು ಒಳಗೆ ಕಾಲಿಡುವ ಮೊದಲು ಕಾಲು ತೊಳೆಯಬೇಕು. ಇನ್ನೊಂದು ಚಪ್ಪಡಿಯನ್ನು ವೈನಿ ಬಚ್ಚಲ ಮುಂದೆ ಮಣ್ಣಿನಲ್ಲಿ ಹೂಳಿಸಿದ್ದರು, ಗುರುತಿನ ಬದಿ ಕೆಳಗೆ. ನಾನು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ. ಅವರು ಚರಿಗಿಯಿಂದ ನೀರು ಹಾಕಿದರು. ಕಲ್ಲು ಒದ್ದೆಯಾಗಿತ್ತು. ಒದ್ದೆಯಾದ ಮೇಲೆ ಯಾವ ಕಲ್ಲಾದರೂ ಅಂಗಾಲಿಗೆ ನುಣ್ಣಗೇ ಇರುತ್ತದೆ. ಒಣಗಿದರೆ ಗೊತ್ತಾಗಿಬಿಡುತ್ತದೆ.

"ಇನ್ನೊಂದು ಚರಿಗಿ ಹಾಕ್ರಿ, ವೈನಿ" ಎಂದೆ.